ತಜಿಕಿಸ್ತಾನದ ವಾಯುಪಡೆಯಲ್ಲಿ ಯಾವ ವಿಮಾನಗಳಿವೆ? ಅಲ್ಲಿ ಭಾರತದ ವಾಯುನೆಲೆ ಇದೆಯಾ?

ಮೊದಲು ವಿಮಾನಗಳ ವಿಷಯ. ಅವರ ಬಳಿ ಫೈಟರ್ ಜೆಟ್ ಇಲ್ಲ. ಮಿ-8, ಮಿ-17, ಮಿ-24 ಹೆಲಿಕಾಪ್ಟರ್‌ಗಳೇ ಮುಖ್ಯ ಬಲ. ಜೊತೆಗೆ ತರಬೇತಿಗೆ ಬಳಸುವ ಬೆರಳೆಣಿಕೆಯ ಎಲ್-39 ಜೆಟ್‌ಗಳು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಪಕ್ಕದ ಉಜ್ಬೇಕಿಸ್ತಾನಕ್ಕೆ ತನ್ನ ನೆಲದಲ್ಲಿದ್ದ ಯುದ್ಧವಿಮಾನಗಳು ಪಾಲಿಗೆ ಬಂದವು. ತಜಿಕಿಸ್ತಾನದ ಕೈಗೆ ಏನೂ ಬರಲಿಲ್ಲ. ಮರುವರ್ಷವೇ ಅಂತರ್ಯುದ್ಧ ಶುರುವಾಗಿ 1997ರವರೆಗೂ ನಡೆಯಿತು.

ಹಾಗಂತ ಸುಮ್ನೆ ತಳ್ಳಿಹಾಕಬೇಡಿ. ದೇಶದ ಶೇ. 90ಕ್ಕೂ ಜಾಸ್ತಿ ಭಾಗ ಬರೀ ಬೆಟ್ಟ. ಪಾಮೀರ್ ಬೆಟ್ಟಗಳ ನಡುವಿನ ಸರೇಜ್ ಸರೋವರವನ್ನೇ ನೋಡಿ. 1911ರ ಭೂಕಂಪದಲ್ಲಿ ಗುಡ್ಡ ಕುಸಿದು ನದಿಗೆ ಅಡ್ಡ ಬಿದ್ದಿದ್ದರಿಂದ ಆದ ಸರೋವರ ಅದು. 3,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಗೆ ವಾಹನ ಹೋಗುವ ರಸ್ತೆಯಿಲ್ಲ. ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್ ಹತ್ತಬೇಕು. ಆ ಎತ್ತರದಲ್ಲಿ ಗಾಳಿ ತೆಳು. ರೋಟರ್‌ಗೆ ಹಿಡಿತ ಸಾಲುವುದಿಲ್ಲ, ಎಂಜಿನ್ನಿನ ಶಕ್ತಿಯೂ ಇಳಿಯುತ್ತದೆ. ಬಯಲಲ್ಲಿ 4 ಟನ್ ಹೊರುವ ಮಿ-17 ಅಲ್ಲಿ ಅಷ್ಟು ಹೊರಲಾರದು. ಇಂಧನ ಜಾಸ್ತಿ ತುಂಬಿಸಿದರೆ ಜನರನ್ನು ಕಮ್ಮಿ ಮಾಡಬೇಕು. ಪ್ರತಿ ಹಾರಾಟಕ್ಕೂ ಈ ಲೆಕ್ಕ ಹಾಕುವ ಪೈಲಟ್‌ಗಳ ಬಗ್ಗೆ ನನಗೆ ತುಂಬಾ ಗೌರವ.

ಇನ್ನು ನೆಲೆಗಳು. ರಾಜಧಾನಿ ದುಶಾನ್ಬೆಯ ಪಶ್ಚಿಮಕ್ಕೆ ಹತ್ತಿರದಲ್ಲೇ ಅಯ್ನಿ ಇದೆ. ಗಿಸ್ಸಾರ್ ಅಂತಲೂ ಕರೆಯುತ್ತಾರೆ. ಹಾಳುಬಿದ್ದಿದ್ದ ಈ ಸೋವಿಯತ್ ಕಾಲದ ನೆಲೆಯನ್ನು ಸರಿಪಡಿಸಿದ್ದು ಭಾರತ. ರನ್‌ವೇಯನ್ನು ಸುಮಾರು 3,200 ಮೀಟರಿಗೆ ಉದ್ದ ಮಾಡಿತು, ಹ್ಯಾಂಗರ್ ಕಟ್ಟಿತು. ಅಫ್ಘನ್ ಗಡಿಯ ಬಳಿಯ ಫರ್ಖೋರ್‌ನಲ್ಲಿ ಭಾರತ ಒಂದು ಆಸ್ಪತ್ರೆ ನಡೆಸುತ್ತಿತ್ತು. ತಾಲಿಬಾನ್ ವಿರುದ್ಧ ಹೋರಾಡಿ ಗಾಯಗೊಂಡವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಜನ ಈ ಎರಡನ್ನೂ ಕಲಸಿ 'ಫರ್ಖೋರ್ ವಾಯುನೆಲೆ' ಎಂದು ಬರೆಯುತ್ತಾರೆ. ರನ್‌ವೇ ಕೆಲಸ ನಡೆದದ್ದು ಅಯ್ನಿಯಲ್ಲಿ.

2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದಾಗ ನಮ್ಮವರನ್ನು ಕರೆತರುವ ಕೆಲಸಕ್ಕೆ ತಜಿಕಿಸ್ತಾನ ತುಂಬಾ ನೆರವಾಯಿತು. ನಮ್ಮ ವಾಯುಪಡೆ ಕಾಬೂಲಿನಿಂದ 87 ಭಾರತೀಯರನ್ನು ಮೊದಲು ದುಶಾನ್ಬೆಗೆ ಮುಟ್ಟಿಸಿತು, ಅಲ್ಲಿಂದ ಏರ್ ಇಂಡಿಯಾ ವಿಮಾನ ದೆಹಲಿಗೆ ತಂದಿತು.

ಈಗ ಅಲ್ಲಿ ಭಾರತದ ನೆಲೆ ಇಲ್ಲ. ಅಯ್ನಿ ಒಪ್ಪಂದ ಮುಗಿದು 2022ರಲ್ಲೇ ಅದನ್ನು ತಜಿಕಿಸ್ತಾನಕ್ಕೆ ಒಪ್ಪಿಸಲಾಗಿದೆ. ನಮ್ಮ ವಿದೇಶಾಂಗ ಸಚಿವಾಲಯವೇ 2025ರಲ್ಲಿ ಇದನ್ನು ಹೇಳಿದೆ. ದೊಡ್ಡ ವಿದೇಶಿ ಸೇನೆ ಎಂದರೆ ಅಲ್ಲಿರುವುದು ರಷ್ಯಾದ 201ನೇ ಸೇನಾನೆಲೆ.