ಗ್ಲಾಸ್ಗೋಗೆ ಬರುತ್ತಿರುವ ತಮ್ಮನಿಗೆ: ಸ್ಕಾಟ್ಲೆಂಡ್, ಇಂಗ್ಲೆಂಡ್ ಮತ್ತು ಹಳೆಯ ಸಿಟ್ಟು

ಮೈಸೂರಿನಿಂದ ಗ್ಲಾಸ್ಗೋಗೆ ಕೆಲಸಕ್ಕೆ ಬರುತ್ತಿದ್ದೀಯ, ಸಂತೋಷ. ಮೂರು ಪ್ರಶ್ನೆ ಕೇಳಿದ್ದೀಯ. ಸ್ಕಾಟ್ಲೆಂಡಿನವರಿಗೆ ಇಂಗ್ಲಿಷರನ್ನು ಕಂಡರೆ ಆಗುವುದಿಲ್ಲವಂತೆ, ನಿಜವಾ? ಅವರೂ ನಮ್ಮ ಹಾಗೆ ಇಂಗ್ಲಿಷರಿಂದ ನೊಂದವರು, ಹಾಗಾಗಿ ನಮ್ಮನ್ನು ಬೇಗ ಹಚ್ಚಿಕೊಳ್ಳುತ್ತಾರಾ? ನಾನು ಬಂದ ಮೇಲೆ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾದರೆ ನನ್ನ ವೀಸಾ ಕಥೆ ಏನು?

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನನ್ನ ಮಕ್ಕಳು ಹುಟ್ಟಿ ಬೆಳೆದ ಊರು ಇದು. ಇಲ್ಲಿನ ಜನ ಅಂದರೆ ನನಗೆ ಪ್ರೀತಿ. ಅವರ ಬಗ್ಗೆ ತಪ್ಪು ತಿಳಿದುಕೊಂಡು ನೀನು ಬರಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ದ್ವೇಷದ ಮಾತು. ದಿನದ ಬದುಕಿನಲ್ಲಿ ಅಂಥದ್ದು ನಿನ್ನ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಲಕ್ಷಾಂತರ ಜನ ಸ್ಕಾಟ್ಲೆಂಡಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಆ ಕಡೆ ಈ ಕಡೆ ಮದುವೆಯಾದವರು ಎಷ್ಟೋ. ನನ್ನ ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವರು ಯಾರ್ಕ್‌ಷೈರಿನವರು, ಅವರ ಹೆಂಡತಿ ಗ್ಲಾಸ್ಗೋದವರು. ಫುಟ್‌ಬಾಲ್ ಬಂದಾಗ ಮಾತ್ರ ಬಣ್ಣ ಬದಲಾಗುತ್ತದೆ. ಈ ಎರಡು ದೇಶಗಳ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರಲ್ಲಿ, ಇದೇ ಗ್ಲಾಸ್ಗೋದಲ್ಲಿ. ಇಂಗ್ಲೆಂಡ್ ಯಾರ ವಿರುದ್ಧ ಆಡಿದರೂ ಎದುರಾಳಿ ಗೆಲ್ಲಲಿ ಅನ್ನುವವರು ಇಲ್ಲಿ ತುಂಬಾ ಜನ ಇದ್ದಾರೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಕೂತು ಕುಡಿಯುತ್ತಾರೆ. ಇಲ್ಲಿ ನೀನು ನಿಜವಾಗಿ ಹುಷಾರಾಗಿರಬೇಕಾದ್ದು ಇದೇ ಊರಿನ ಫುಟ್‌ಬಾಲ್ ತಂಡಗಳಾದ ಸೆಲ್ಟಿಕ್ ಮತ್ತು ರೇಂಜರ್ಸ್ ವಿಷಯದಲ್ಲಿ. ಅದರ ಬೇರು ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಜಗಳದಲ್ಲಿದೆ, ಐರ್ಲೆಂಡಿನವರೆಗೂ ಹೋಗುತ್ತದೆ. ಅವೆರಡು ಆಡುವ ದಿನ ಹಸಿರು ಜೆರ್ಸಿಯೂ ಬೇಡ, ನೀಲಿ ಜೆರ್ಸಿಯೂ ಬೇಡ.

ಇನ್ನೊಂದು ಅಭ್ಯಾಸ ಬಿಡಬೇಕು. ಊರಿನಲ್ಲಿ ನಾವು ಬ್ರಿಟನ್ನಿಗೆಲ್ಲ ಸೇರಿಸಿ ಇಂಗ್ಲೆಂಡ್ ಅಂದುಬಿಡುತ್ತೇವೆ. ಇಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಮನಸ್ಸಿಗೆ ಚುಚ್ಚುತ್ತದೆ. ಸುಮಾರು 55 ಲಕ್ಷ ಜನ ಇವರು. ಪಕ್ಕದಲ್ಲಿ ಐದೂವರೆ ಕೋಟಿಗೂ ಜಾಸ್ತಿ ಜನರ ಇಂಗ್ಲೆಂಡ್. ಹೊರಗಿನವರು ಎರಡನ್ನೂ ಒಂದೇ ಅಂದುಕೊಂಡರೆ ಅಳಿಸಿಹೋಗುವುದು ಯಾವಾಗಲೂ ಚಿಕ್ಕದೇ ಅಲ್ವಾ?

ಹಳೆಯ ಯುದ್ಧಗಳ ಹೆಸರು ಮಕ್ಕಳಿಗೂ ಗೊತ್ತು. 1296ರಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ದಂಡೆತ್ತಿ ಬಂದು ಇಲ್ಲಿನ ರಾಜರ ಪಟ್ಟಾಭಿಷೇಕದ ಕಲ್ಲನ್ನೇ ಹೊತ್ತುಕೊಂಡು ಹೋದ. ಮರುವರ್ಷ ಸ್ಟರ್ಲಿಂಗ್ ಸೇತುವೆಯ ಹತ್ತಿರ ಗೆದ್ದ ವಿಲಿಯಂ ವಾಲೇಸನನ್ನು 1305ರಲ್ಲಿ ಲಂಡನ್ನಿನಲ್ಲಿ ಕೊಂದರು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸ್ ಗೆದ್ದ. ಆ ಕಲ್ಲು ಏಳು ಶತಮಾನ ಲಂಡನ್ನಿನಲ್ಲೇ ಇತ್ತು. 1950ರ ಕ್ರಿಸ್‌ಮಸ್ ದಿನ ಗ್ಲಾಸ್ಗೋದ ನಾಲ್ಕು ವಿದ್ಯಾರ್ಥಿಗಳು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ನುಗ್ಗಿ ಅದನ್ನು ಎತ್ತಿಕೊಂಡು ಬಂದರು. ಆಮೇಲೆ ಸಿಕ್ಕಿತು, ವಾಪಸ್ ಹೋಯಿತು. 1996ರಲ್ಲಿ ಸರ್ಕಾರವೇ ಹಿಂದಿರುಗಿಸಿತು. ಈಗ ಪರ್ತ್ ಊರಿನ ಮ್ಯೂಸಿಯಂನಲ್ಲಿದೆ, ಹೋಗಿ ನೋಡು.

ಆದರೆ ಎರಡನೇ ಪ್ರಶ್ನೆಗೆ, ಅಂದರೆ ಇವರೂ ನಮ್ಮ ಹಾಗೆ ನೊಂದವರಾ ಅನ್ನುವುದಕ್ಕೆ, ಈ ಯುದ್ಧಗಳಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೆ ಸ್ಕಾಟ್ಲೆಂಡ್, ಇಂಗ್ಲೆಂಡ್ ಎರಡೂ ಸೇರಿ ಒಂದೇ ದೇಶವಾದ 1707ಕ್ಕೆ ಹೋಗಬೇಕು.

ಅದಕ್ಕೂ ಸ್ವಲ್ಪ ಮುಂಚೆ, 1698ರಲ್ಲಿ, ಸ್ಕಾಟ್ಲೆಂಡ್ ತನ್ನದೇ ವಸಾಹತು ಕಟ್ಟಲು ಪನಾಮಾದ ಡೇರಿಯನ್‌ಗೆ ಹಡಗು ಕಳಿಸಿತು. ದೇಶದ ದುಡ್ಡಿನ ದೊಡ್ಡ ಪಾಲು ಅದರಲ್ಲಿತ್ತು. ಜ್ವರ, ಹಸಿವು, ಸ್ಪೇನಿನವರ ದಾಳಿ. ಹೋದವರಲ್ಲಿ ಹೆಚ್ಚಿನವರು ಸತ್ತರು. ಹತ್ತಿರದ ಇಂಗ್ಲಿಷ್ ವಸಾಹತುಗಳಿಗೆ ಅವರಿಗೆ ನೆರವು ಕೊಡಬೇಡಿ ಅಂತ ಆಜ್ಞೆ ಹೋಗಿತ್ತು. ಈ ನಷ್ಟದ ಬೆನ್ನಲ್ಲೇ ಬಂದದ್ದು ಎರಡು ಪಾರ್ಲಿಮೆಂಟ್‌ಗಳನ್ನು ಒಂದು ಮಾಡುವ ಒಪ್ಪಂದ. ಸ್ಕಾಟ್ಲೆಂಡಿಗೆ ಪರಿಹಾರವಾಗಿ ಸುಮಾರು 3,98,000 ಪೌಂಡ್ ಗೊತ್ತಾಯಿತು. ಅದರಲ್ಲಿ ದೊಡ್ಡ ಭಾಗ ಡೇರಿಯನ್‌ನಲ್ಲಿ ಕಳೆದುಕೊಂಡವರಿಗೆ. ಎಡಿನ್‌ಬರೋ, ಗ್ಲಾಸ್ಗೋ ಬೀದಿಗಳಲ್ಲಿ ಜನ ದಂಗೆ ಎದ್ದರು. ಪಾರ್ಲಿಮೆಂಟ್ ಸದಸ್ಯರು ದುಡ್ಡಿಗೆ ದೇಶ ಮಾರಿದರು ಅನ್ನುವ ಮಾತು ಅವತ್ತೇ ಹುಟ್ಟಿತು, ಇವತ್ತಿಗೂ ಕೇಳುತ್ತೀಯ. ಅದು ದಂಡೆತ್ತಿ ಬಂದು ಗೆದ್ದದ್ದಲ್ಲ, ಮೇಲಿನವರು ಕೂತು ಸಹಿ ಹಾಕಿದ್ದು. ನೋವು ಇರುವುದು ಅಲ್ಲಿಯೇ.

ಸಹಿ ಬಿದ್ದ ಮೇಲೆ ಏನಾಯಿತು ನೋಡು. ಇಂಗ್ಲೆಂಡಿನ ವಸಾಹತು ವ್ಯಾಪಾರವೆಲ್ಲ ಸ್ಕಾಟ್ಲೆಂಡಿನವರಿಗೂ ತೆರೆಯಿತು. ಗ್ಲಾಸ್ಗೋ ಬೆಳೆದದ್ದು ಅಮೆರಿಕದ ಹೊಗೆಸೊಪ್ಪು, ಕೆರಿಬಿಯನ್ ಸಕ್ಕರೆಯಿಂದ, ಅಂದರೆ ಗುಲಾಮರ ದುಡಿಮೆಯಿಂದ. ಊರಿನ ನಡುವೆ ಬ್ಯುಕ್ಯಾನನ್ ಸ್ಟ್ರೀಟ್, ಗ್ಲಾಸ್‌ಫರ್ಡ್ ಸ್ಟ್ರೀಟ್ ಅಂತ ಓಡಾಡುತ್ತೀಯಲ್ಲ, ಅವೆಲ್ಲ ಹೊಗೆಸೊಪ್ಪಿನ ವ್ಯಾಪಾರಿಗಳ ಹೆಸರು. ಜಮೈಕಾ ಸ್ಟ್ರೀಟ್ ಅಂತಲೂ ಇದೆ.

ಅದೇ ದಾರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇರಿದ ಸ್ಕಾಟ್ಲೆಂಡಿನ ಹುಡುಗರು ನಮ್ಮೂರಿಗೂ ಬಂದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಎಡಿನ್‌ಬರೋ ಪಕ್ಕದ ಈಸ್ಟ್ ಲೋಥಿಯನ್ನಿನವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯಕ್ಕೆ ಸೆರೆಸಿಕ್ಕಿ, ಅದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು. ಟಿಪ್ಪುವಿನ ಹೆಣ ಸಿಕ್ಕ ಜಾಗದಲ್ಲಿ ಅವನು ನಿಂತಿರುವ ದೊಡ್ಡ ವರ್ಣಚಿತ್ರವೊಂದು ಎಡಿನ್‌ಬರೋದ ಸಂಗ್ರಹದಲ್ಲಿದೆ. ಬರೆದವನೂ ಸ್ಕಾಟ್ಲೆಂಡಿನವನೇ. ಮೈಸೂರಿನವನು ನೀನು, ಅದನ್ನು ನೋಡಿದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ, ನನಗೆ ಆಗಿದೆ. ಆ ಯುದ್ಧದ ನಂತರ ಕೆನರಾದಲ್ಲಿ ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿ ಇಲ್ಲಿನ ಯೂನಿವರ್ಸಿಟಿಯಲ್ಲೇ ಓದಿದವನು. ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು. ಅವನು ಕೂಡಿಸಿಟ್ಟ ಶಾಸನ, ಕೈಫಿಯತ್ತುಗಳಿಂದ ನಮ್ಮ ಇತಿಹಾಸಕ್ಕೆ ಉಪಕಾರವೂ ಆಗಿದೆ, ಅದನ್ನೂ ಮರೆಯಬಾರದು.

ಅದಕ್ಕೇ ಹೇಳುವುದು, ನಾವೂ ನೀವೂ ಇಂಗ್ಲಿಷರ ಕೈಯಲ್ಲಿ ಒಂದೇ ಕಷ್ಟ ಪಟ್ಟವರು ಅಂತ ಇಲ್ಲಿ ಮಾತು ಶುರು ಮಾಡಬೇಡ. ಕೆಲವರು ಸುಮ್ನೆ ತಲೆಯಾಡಿಸುತ್ತಾರೆ. ತಿಳಿದವರು ಇಲ್ಲಪ್ಪ, ಸಾಮ್ರಾಜ್ಯದಲ್ಲಿ ನಮ್ಮದೂ ಪಾಲಿತ್ತು ಅಂತ ತಾವೇ ಹೇಳುತ್ತಾರೆ. ಹಾಗೆ ಹೇಳುವವರ ಸಂಖ್ಯೆ ಈಚೆಗೆ ಜಾಸ್ತಿಯಾಗಿದೆ. ಅದು ನನಗೆ ಬಹಳ ಇಷ್ಟವಾದ ಸಂಗತಿ.

ಹಾಗಂತ ಇಲ್ಲಿನ ಬಡವರು ನೋಯಲಿಲ್ಲ ಅಂತಲ್ಲ. 1746ರ ಏಪ್ರಿಲ್ 16ರಂದು ಕಲಾಡನ್ ಬಯಲಿನಲ್ಲಿ ಹೈಲ್ಯಾಂಡ್ಸ್, ಅಂದರೆ ಉತ್ತರದ ಗುಡ್ಡಗಾಡು ಕಡೆಯ ಬಂಡಾಯದ ಪಡೆ ಸೋತ ಮೇಲೆ ಸರ್ಕಾರಿ ಸೈನ್ಯ ಗಾಯಾಳುಗಳನ್ನೂ ಬಿಡಲಿಲ್ಲ. ಅವರ ಉಡುಪನ್ನೇ ಕಾನೂನು ತಂದು ನಿಷೇಧಿಸಿದರು, 1782ರವರೆಗೆ. ಆದರೆ ಸರ್ಕಾರದ ಕಡೆ ನಿಂತು ಹೊಡೆದಾಡಿದವರಲ್ಲಿ ಸ್ಕಾಟ್ಲೆಂಡಿನವರೂ ಇದ್ದರು. ಆಮೇಲೆ ಕುರಿ ಸಾಕಲು ಜಾಗ ಬೇಕೆಂದು ಗೇಣಿದಾರರನ್ನು ಮನೆ ಬಿಡಿಸಿ ಓಡಿಸಿದರಲ್ಲ, ಸದರ್ಲೆಂಡ್ ಕಡೆ ಮನೆಗಳಿಗೆ ಬೆಂಕಿಯನ್ನೂ ಇಟ್ಟರು. ಅದನ್ನು ಮಾಡಿಸಿದ ಜಮೀನ್ದಾರರಲ್ಲಿ ಬಹಳಷ್ಟು ಜನ ಹೈಲ್ಯಾಂಡ್ಸ್ ಕುಲಗಳ ನಾಯಕರೇ. ಗಾಲ್ಸ್‌ಪೀ ಊರಿನ ಗುಡ್ಡದ ಮೇಲೆ ಸದರ್ಲೆಂಡಿನ ಡ್ಯೂಕ್‌ನ ಪ್ರತಿಮೆ ಇನ್ನೂ ನಿಂತಿದೆ. ಅದನ್ನು ಕೆಡವಬೇಕು ಅನ್ನುವವರ ಪರ ನಾನು.

ಈಗ ಇವತ್ತಿನ ಸಿಟ್ಟಿಗೆ ಬರೋಣ. ಇದು ರಕ್ತದ ಸಿಟ್ಟಲ್ಲ, ತೀರ್ಮಾನ ಯಾರದು ಅನ್ನುವ ಸಿಟ್ಟು. ನನ್ನ ಪಕ್ಕದ ಮನೆಯ ಅಜ್ಜಿ ವಾಲೇಸನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ಅವರು ಎತ್ತುವುದು 1989. ಆ ವರ್ಷ ಮಾರ್ಗರೆಟ್ ಥ್ಯಾಚರ್ ಸರ್ಕಾರ ತಲೆಗೆ ಇಷ್ಟು ಅಂತ ಕಟ್ಟುವ ತೆರಿಗೆಯನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನಲ್ಲಿ ತಂದಿತು. ಬಂಗಲೆಯವರಿಗೂ ಅಷ್ಟೇ, ಒಂದು ಕೋಣೆಯಲ್ಲಿ ಇರುವವರಿಗೂ ಅಷ್ಟೇ. 1987ರ ಚುನಾವಣೆಯಲ್ಲಿ ಥ್ಯಾಚರ್ ಪಕ್ಷಕ್ಕೆ ಇಲ್ಲಿನ 72 ಸೀಟಿನಲ್ಲಿ ಸಿಕ್ಕಿದ್ದು 10. ನಾವು ಆರಿಸದ ಸರ್ಕಾರ ನಮ್ಮ ಮೇಲೆ ಪ್ರಯೋಗ ಮಾಡಿತು ಅಂತ ಅಜ್ಜಿ ಈಗಲೂ ಕೆರಳುತ್ತಾರೆ. ಅವರ ಗಂಡ ದುಡಿಯುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿತು. ಉತ್ತರ ಸಮುದ್ರದ ಎಣ್ಣೆಯ ದುಡ್ಡು ಲಂಡನ್ನಿನ ಖಜಾನೆಗೆ ಹೋಯಿತು. ಅದೇ ಸಮುದ್ರದ ಆಚೆಯ ನಾರ್ವೆ ತನ್ನ ಎಣ್ಣೆ ದುಡ್ಡನ್ನು ನಿಧಿ ಮಾಡಿ ಮೊಮ್ಮಕ್ಕಳಿಗೆ ಇಟ್ಟಿತು. ಆಬರ್ಡೀನ್ ಕಡೆ ಹೋದರೆ ಈ ಮಾತು ಕೇಳದೆ ವಾಪಸ್ ಬರುವುದಿಲ್ಲ.

ಇವರಿಗೆ ಸ್ವಂತ ಪಾರ್ಲಿಮೆಂಟ್ ಮತ್ತೆ ಸಿಕ್ಕಿದ್ದು 1999ರಲ್ಲಿ, ಎಡಿನ್‌ಬರೋದಲ್ಲಿ. ಅದರ ಫಲ ನಿನಗೂ ಸಿಗುತ್ತದೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆಗೆ ಇಲ್ಲಿ ದುಡ್ಡಿಲ್ಲ, ಇಂಗ್ಲೆಂಡಿನಲ್ಲಿ ಕೊಡಬೇಕು. ಬದಲಿಗೆ ಒಳ್ಳೆಯ ಸಂಬಳದವರಿಗೆ ಆದಾಯ ತೆರಿಗೆ ಇಲ್ಲಿ ಜಾಸ್ತಿ. ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್ ಎಸ್ ಅಕ್ಷರದಿಂದ ಶುರುವಾಗುತ್ತದೆ, ಗಾಬರಿಯಾಗಬೇಡ. 2024-25ರಲ್ಲಿ 43,662 ಪೌಂಡ್ ದಾಟಿದ ಆದಾಯಕ್ಕೆ ಇಲ್ಲಿ 42 ಪರ್ಸೆಂಟ್. ಇಂಗ್ಲೆಂಡಿನಲ್ಲಿ 50,270ರವರೆಗೂ 20, ಆಮೇಲೆ 40. ಕಂಪನಿ ಹೇಳಿದ ಸಂಬಳವನ್ನು ಈ ಲೆಕ್ಕದಲ್ಲಿ ನೋಡಿಕೊಂಡೇ ಒಪ್ಪಿಕೋ.

2014ರ ಸೆಪ್ಟೆಂಬರ್ 18. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ ಅನ್ನುವ ಒಂದೇ ಪ್ರಶ್ನೆ. ನಾನು ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ಅವತ್ತು ಮತ ಹಾಕಲು ಸ್ಕಾಟ್ಲೆಂಡಿನಲ್ಲಿ ಹುಟ್ಟಿರಬೇಕು ಅಂತ ಇರಲಿಲ್ಲ, ಇಲ್ಲಿ ಬದುಕುತ್ತಿರಬೇಕು ಅಂತ ಇತ್ತು. ಕಾಮನ್‌ವೆಲ್ತ್ ದೇಶಗಳವರು, ಯುರೋಪಿಯನ್ ಒಕ್ಕೂಟದವರು, 16 ತುಂಬಿದ ಮಕ್ಕಳು, ಎಲ್ಲರಿಗೂ ಮತ. ಇಲ್ಲೇ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವರಿಗೆ ಮತ ಇಲ್ಲ. ನನ್ನ ಕೈಯಲ್ಲಿ ಆಗ ಇದ್ದದ್ದು ಇಂಡಿಯಾ ಪಾಸ್‌ಪೋರ್ಟ್. ಒಂದು ದೇಶ ಹುಟ್ಟಬೇಕಾ ಬೇಡವಾ ಅಂತ ನನ್ನನ್ನೂ ಕೇಳಿದರು. ನಮ್ಮ ರಾಷ್ಟ್ರೀಯತೆ ರಕ್ತದ್ದಲ್ಲ, ನೆಲದ್ದು ಅಂತ ಇಲ್ಲಿನವರು ಹೇಳಿದಾಗ ನಾನು ನಂಬುವುದು ಇದರಿಂದ.

ನಮ್ಮ ಮನೆಯಲ್ಲೇ ಮತ ಎರಡಾಯಿತು. ಯಜಮಾನರು ಹೌದು ಅಂದರು. ಗ್ಲಾಸ್ಗೋದಿಂದ ನಲವತ್ತೇ ಕಿಲೋಮೀಟರ್ ದೂರದ ಫಾಸ್‌ಲೇನ್‌ನಲ್ಲಿ ಬ್ರಿಟನ್ನಿನ ಅಣ್ವಸ್ತ್ರದ ಜಲಾಂತರ್ಗಾಮಿಗಳಿವೆ, ಅವು ಹೋಗಬೇಕು ಅನ್ನುವುದು ಅವರ ಕಾರಣ. ನಾನು ಬೇಡ ಅಂದೆ. ಯಾವ ನೋಟು, ಮನೆ ಸಾಲ ಏನಾಗುತ್ತದೆ, ಪಿಂಚಣಿ ಯಾರು ಕೊಡುತ್ತಾರೆ, ಯಾವುದಕ್ಕೂ ಗಟ್ಟಿ ಉತ್ತರ ಇರಲಿಲ್ಲ. ಶೇ. 84.6 ಜನ ಮತ ಹಾಕಿದರು. ಬೇಡ ಅಂದವರು ಶೇ. 55.3, ಹೌದು ಅಂದವರು ಶೇ. 44.7. ಗ್ಲಾಸ್ಗೋ ಹೌದು ಅಂದಿತ್ತು. ಮರುದಿನ ಬಸ್ಸಿನಲ್ಲಿ ಎಷ್ಟೋ ಮುಖಗಳು ಅತ್ತು ಊದಿಕೊಂಡಿದ್ದವು.

ಬ್ರಿಟನ್ ಬಿಟ್ಟರೆ ಯುರೋಪಿಯನ್ ಒಕ್ಕೂಟವೂ ತಪ್ಪಿಹೋಗುತ್ತದೆ ಅಂತ ಆಗ ಹೆದರಿಸಿದ್ದರು. ಎರಡೇ ವರ್ಷಕ್ಕೆ, 2016ರಲ್ಲಿ, ಬ್ರಿಟನ್ನೇ ಒಕ್ಕೂಟ ಬಿಡಲು ಹೊರಟಿತು. ಸ್ಕಾಟ್ಲೆಂಡಿನ ಶೇ. 62 ಮತ ಉಳಿಯೋಣ ಅಂತ ಇತ್ತು. ಯಾರೂ ಕೇಳಲಿಲ್ಲ. ಬೇಡ ಅಂದಿದ್ದ ನನಗೂ ಅದು ಅನ್ಯಾಯ ಅನ್ನಿಸಿತು. ಬೇರೆಯಾಗುವುದು ಸುಲಭವಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಇವರ ವ್ಯಾಪಾರ ಅತಿ ಹೆಚ್ಚು ನಡೆಯುವುದು ಬ್ರಿಟನ್ನಿನ ಉಳಿದ ಭಾಗದ ಜೊತೆಗೇ, ಅಲ್ಲಿ ಗಡಿ ಬಂದರೆ ಕಷ್ಟ. ಆದರೆ ಮತ್ತೊಮ್ಮೆ ಕೇಳಬೇಕಾ ಬೇಡವಾ ಅನ್ನುವುದನ್ನು ಇಲ್ಲಿನ ಜನ ತೀರ್ಮಾನಿಸಬೇಕು. ಲಂಡನ್ನಿನ ಒಪ್ಪಿಗೆ ಇಲ್ಲದೆ ಎಡಿನ್‌ಬರೋ ಪಾರ್ಲಿಮೆಂಟ್ ಜನಮತ ನಡೆಸುವಂತಿಲ್ಲ ಅಂತ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಜ್ಜಿಯ ಹಳೆಯ ಸಿಟ್ಟಿಗೆ ಅದೂ ಸೇರಿಕೊಂಡಿತು.

2023ರಲ್ಲಿ ಒಂದು ವಿಶೇಷ ನಡೆಯಿತು. ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ಪಾಕಿಸ್ತಾನಿ ಮೂಲದ ಹಮ್ಜಾ ಯೂಸಫ್. ಲಂಡನ್ನಿನಲ್ಲಿ ಪ್ರಧಾನಿ ನಮ್ಮ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್. ಸ್ವಾತಂತ್ರ್ಯ ಬೇಕು ಅನ್ನುವ ಕಡೆ ಯೂಸಫ್, ಬೇಡ ಅನ್ನುವ ಕಡೆ ಸುನಕ್. ಇಲ್ಲಿ ಬಣ್ಣಭೇದ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಕೆಲವು ಸಲ ಎದುರಾಗುತ್ತದೆ. ಆದರೂ ಈ ಚರ್ಚೆಯಲ್ಲಿ ನಿನಗೂ ಜಾಗವಿದೆ.

ಕೊನೆಗೆ ವೀಸಾ. ವೀಸಾ ಕೊಡುವುದು ಲಂಡನ್ನಿನ ಸರ್ಕಾರ, ಎಡಿನ್‌ಬರೋಗೆ ಆ ಅಧಿಕಾರ ಇಲ್ಲ. 2024ರ ಲಂಡನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಸ್ವಾತಂತ್ರ್ಯದ ಪಕ್ಷ ಎಸ್‌ಎನ್‌ಪಿ 9 ಸೀಟಿಗೆ ಇಳಿಯಿತು. ಸ್ವಾತಂತ್ರ್ಯ ಬೇಕು ಅನ್ನುವ ಜನ ಮಾತ್ರ ಅಷ್ಟು ಕಡಿಮೆಯಾಗಿಲ್ಲ. ನಾಳೆ ಜನಮತ ಗೊತ್ತಾದರೂ ಬೇರೆಯಾಗಲು ವರ್ಷಗಟ್ಟಲೆ ಮಾತುಕತೆ ಬೇಕು. ಅದಕ್ಕಾಗಿ ನಿನ್ನ ಕೆಲಸ ಬಿಡಬೇಡ. ಬಂದು ವಿಳಾಸ ಸಿಕ್ಕಿದ ವಾರವೇ ಮತದಾರರ ಪಟ್ಟಿಗೆ ಹೆಸರು ಸೇರಿಸು. ಕೆಲಸದ ವೀಸಾದಲ್ಲಿರುವ ಇಂಡಿಯಾದವರಿಗೂ ಇಲ್ಲಿ ಮತ ಇದೆ, ಎಡಿನ್‌ಬರೋ ಪಾರ್ಲಿಮೆಂಟಿಗೂ, ಲಂಡನ್ನಿನ ಪಾರ್ಲಿಮೆಂಟಿಗೂ. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಸಾಲ, ಮೊಬೈಲ್ ಕಾಂಟ್ರ್ಯಾಕ್ಟ್ ಸಿಗುವುದೂ ಸುಲಭವಾಗುತ್ತದೆ. ಬಾಡಿಗೆ ಮನೆ ವಿಚಾರ ಕೇಳಿದ್ದೀಯ, ಅದಕ್ಕೆ ಆಫೀಸು ಯಾವ ಬೀದಿಯಲ್ಲಿ ಅಂತ ಮೊದಲು ತಿಳಿಸು.