ವಯಸ್ಸಾಯ್ತು ಅಂತ ಸುಮ್ಮನಿರಬೇಡಿ

ತಂದೆಯವರು ಪೇಪರ್ ಓದುವುದನ್ನೂ ಬಿಟ್ಟಿದ್ದಾರೆ, ಮೈಕೈ ನೋವು ಅನ್ನುತ್ತಾರೆ, ಬೇಸರವೇನೂ ಇಲ್ಲ ಅನ್ನುತ್ತಾರೆ, ಇದು ವಯಸ್ಸಿನದೇ ಅಲ್ವಾ ಎಂದು ಕೇಳಿದ್ದೀರಿ. ಹಾಗೆ ಅಂದುಕೊಂಡು ಬಿಡಬೇಡಿ. ಖಿನ್ನತೆ ಇರಬಹುದು. ಹಿರಿಯರಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ನೋವು, ನಿದ್ದೆಗೇಡು, ಮರೆವು, ಯಾವುದೂ ಬೇಡ ಅನ್ನಿಸುವುದು, ಹೀಗೆ ಬರುತ್ತದೆ. ಮರೆವು ನೋಡಿ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ, ಎಂದು ಹೆದರುವವರೂ ಇದ್ದಾರೆ.

ವೈದ್ಯರಿಗೆ ತೋರಿಸಿ, ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಈಗಿನ ಮಾತ್ರೆಗಳನ್ನೆಲ್ಲ ತೋರಿಸಲು ಜೊತೆಗೆ ಒಯ್ಯಿರಿ. ಕೆಲವು ಮಾತ್ರೆಗಳಿಂದಲೂ ಮನಸ್ಸು ಕುಗ್ಗುತ್ತದೆ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದವರು ಮಾತಿನಿಂದ ದೂರ ಸರಿದು ಒಂಟಿಯಾಗುತ್ತಾರೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಖಿನ್ನತೆಗೆ ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನೀವೇ ನಿಲ್ಲಿಸಬೇಡಿ. ‘ಇನ್ನು ಬದುಕಿ ಏನು’ ಅನ್ನುವ ಮಾತು ಬಂದರೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.