ಕಾರವಾರದ ಬೀಚಿನಲ್ಲಿ ಸವಾರಿಗೆ ಇಟ್ಟಿರುವ ಕುದುರೆಗೆ ಪದೇ ಪದೇ ಹೊಟ್ಟೆನೋವು. ಮಳೆಗಾಲ ಬೇರೆ ಬರುತ್ತಿದೆ, ಏನು ಮಾಡಲಿ?

ಬಿಡುವಿನಲ್ಲಿ ಮರಳ ಮೇಲೇ ಹುಲ್ಲು ಹಾಕುತ್ತೇವೆ ಅಂದಿದ್ದೀರಲ್ಲ, ನನ್ನ ಅನುಮಾನ ಅಲ್ಲೇ. ನಾನೂ ಕುಮಟಾ ಹತ್ತಿರ ಕುದುರೆ ಸಾಕುತ್ತೇನೆ. ಕುದುರೆ ತುಟಿಯಲ್ಲೇ ನೆಲ ತಡಕಿ ಕೊನೆಯ ಎಸಳನ್ನೂ ಬಿಡದೆ ತಿನ್ನುತ್ತದೆ, ಅದರ ಜೊತೆ ಮರಳೂ ಒಳಗೆ ಹೋಗುತ್ತದೆ. ದೊಡ್ಡ ಕರುಳಿನ ತಳದಲ್ಲಿ ಅದು ಕೂಡುತ್ತಾ ಹೋಗಿ ನೋವು, ಭೇದಿ, ಕೆಲವೊಮ್ಮೆ ಕರುಳೇ ಕಟ್ಟಿಕೊಳ್ಳುವುದು.

ಮನೆಯಲ್ಲೇ ನೋಡಬಹುದು. ನೆಲಕ್ಕೆ ತಾಗದ ಲದ್ದಿಯುಂಡೆ ನಾಲ್ಕೈದು ಆರಿಸಿ, ಗಾಜಿನ ಭರಣಿಯಲ್ಲಿ ನೀರು ಹಾಕಿ ಚೆನ್ನಾಗಿ ಕದಡಿ, ಕಾಲು ಗಂಟೆ ಅಲ್ಲಾಡಿಸದೆ ಬಿಡಿ. ನಾರು ಮೇಲೆ ಉಳಿದು ಮರಳು ತಳದಲ್ಲಿ ಕೂರುತ್ತದೆ. ಬೆರಳಿಗೆ ಗರಗರ ಸಿಕ್ಕರೆ ಮರಳು ಹೊಟ್ಟೆಗೆ ಹೋಗುತ್ತಿರುವುದು ಖಚಿತ. ಸಿಗದಿದ್ದರೆ ನಿಶ್ಚಿಂತೆ ಅಂತಲ್ಲ, ಕೆಲವು ಕುದುರೆಗಳಲ್ಲಿ ಮರಳು ಒಳಗೇ ಉಳಿಯುತ್ತದೆ.

ಇವತ್ತಿನಿಂದಲೇ ಮೇವನ್ನು ಅಗಲ ಬಾನಿಯಲ್ಲಿ ಹಾಕಿ, ಕೆಳಗೆ ರಬ್ಬರ್ ಚಾಪೆ ಹಾಸಿ ಗುಡಿಸುತ್ತಿರಿ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5–6 ಕಿಲೋ ಒಣ ಹುಲ್ಲು ಬೇಕು. ಮರಳನ್ನು ಮುಂದೆ ತಳ್ಳುವುದು ಆ ನಾರೇ, ಹುರುಳಿ ಬೂಸಾ ಎಷ್ಟು ಕೊಟ್ಟರೂ ಆ ಕೆಲಸ ಮಾಡುವುದಿಲ್ಲ. ಮರಳು ಹೊರಹೋಗಲೆಂದು ಇಸಬಗೋಲ್ ಕೊಡುವುದಿದ್ದರೆ ಪಶುವೈದ್ಯರನ್ನು ಕೇಳಿ.

ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಹೊರಳುವುದು ಕಂಡರೆ ಮೇವು ತೆಗೆದು ಕೂಡಲೇ ಪಶುವೈದ್ಯರನ್ನು ಕರೆಯಿರಿ. ದವಡೆಯಡಿಯ ನಾಡಿ ಸುಮ್ಮನಿದ್ದಾಗ ನಿಮಿಷಕ್ಕೆ 28–44 ಇರಬೇಕು. 60 ದಾಟಿದ್ದರೆ ಫೋನಿನಲ್ಲೇ ಹೇಳಿ. ದನಕ್ಕೆ ಕುಡಿಸಿದ ಹಾಗೆ ಗೊಟ್ಟದಲ್ಲಿ ಎಣ್ಣೆ ಮಾತ್ರ ಕುಡಿಸಬೇಡಿ, ದಯವಿಟ್ಟು. ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಮಳೆಗಾಲದಲ್ಲಿ ಗೊರಸಿನದೇ ಚಿಂತೆ. ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು ಹಾಸಿ ಗೊಬ್ಬರ ಮಾಡುವ ರೂಢಿ ತೋಟಕ್ಕೆ ಒಳ್ಳೆಯದು, ಕುದುರೆಗಲ್ಲ. ಆ ಹಸಿಯಲ್ಲಿ ನಿಂತರೆ ಗೊರಸಿನಡಿಯ ಮೆತ್ತನೆ ಭಾಗದ ಸಂದುಗಳು ಕೊಳೆತು ಕಪ್ಪಗೆ ಜಿನುಗುತ್ತವೆ, ವಾಸನೆಯೇ ಹೇಳುತ್ತದೆ. ಎತ್ತರದ ಒಣ ನೆಲ ಮಾಡಿ, ದಿನವೂ ಗೊರಸಿನಡಿಯ ಕೊಳೆ ಕೆರೆದು ತೆಗೆದು ಸ್ವಚ್ಛ ಮಾಡಿ. ಬೂಸಲು ಹಿಡಿದ ಬೈಹುಲ್ಲು ಬೇಡವೇ ಬೇಡ.

ಧನುರ್ವಾಯು ಲಸಿಕೆ ಆಗಿದೆಯೇ? ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ, ಒಂದು ತುಕ್ಕು ಮೊಳೆ ಚುಚ್ಚಿದರೂ ಸಾಕು. ಆಗಿರದಿದ್ದರೆ ಹೊಟ್ಟೆ ತೋರಿಸಲು ಹೋದ ದಿನವೇ ಕೇಳಿ ಹಾಕಿಸಿ.